ಖಣ ಕೊಡದ ಅಂಗಡಿ

ಸಯನ್, ಮುಂಬಯಿ
ರವಿವಾರ, 8-9-1957

ಬೆಂಗಳೂರು ಸರಕಾರದ ಪಾಲಿಗೆ ಹೋದ ನಮ್ಮ ಯಜಮಾನರಿಗೆ, ಸಯನ್ನಿನ ಪಾಲಿಗೆ ಉಳಿದ ನೀಲಗಂಗಾಳ ನಮಸ್ಕಾರಗಳು.

ಮೊದಲು ಆರೋಗ್ಯದ ಮಾತು. ಈ ವರ್ಷ ದೇಶವನ್ನೆಲ್ಲ ಸುತ್ತಿದ ಜ್ವರ ನಿಮ್ಮನ್ನೂ ಮಲಗಿಸಿತ್ತು ಎಂದು ಬರೆದಿದ್ದಿರಿ. ಈಗ ಕೆಮ್ಮು ಬಿಟ್ಟಿತೇ? ಕಚೇರಿಗೆ ಹೋಗುವಾಗ ಮಫ್ಲರು ಸುತ್ತಿಕೊಳ್ಳುತ್ತೀರೋ, ಇಲ್ಲ ಅದು ಇನ್ನೂ ನಾನು ಮಡಿಚಿಟ್ಟ ಹಾಗೆಯೇ ಪೆಟ್ಟಿಗೆಯ ತಳದಲ್ಲಿದೆಯೋ? ಖಾನಾವಳಿಯಲ್ಲಿ ರೊಟ್ಟಿ ಸಿಗದೆ ಮುದ್ದೆ ಕೊಡುತ್ತಾರೆ, ಅದನ್ನು ಅಗಿಯಲು ಹೋದರೆ ಪಕ್ಕದವರು ನಗುತ್ತಾರೆ ಎಂದು ದೂರಿದ್ದೀರಿ. ಅದನ್ನು ಅಗಿಯಬಾರದಂತೆ, ನುಂಗಬೇಕಂತೆ. ಮೇಲಧಿಕಾರಿಗಳ ಮಾತನ್ನು ಇಷ್ಟು ವರ್ಷ ನುಂಗಿದವರಿಗೆ ಮುದ್ದೆ ಕಷ್ಟವಾಗಬಾರದಿತ್ತು. ಆದರೂ ದಾರಿ ಇದೆ. ಯಾರಾದರೂ ಆ ಕಡೆ ಹೊರಟರೆ ಒಣರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತೇನೆ. ನಾನು ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂಬುದು ಈ ಪತ್ರ ಮುಗಿಯುವ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ನಿಮ್ಮ ಪತ್ರ ತಲುಪಿತು. ಅದನ್ನು ಪತ್ರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಅದೊಂದು ಸರಕ್ಯುಲರು. ಹೆಂಡತಿಗೆ ಬರೆಯುವಾಗಲೂ ಪ್ಯಾರಾಗಳಿಗೆ ನಂಬರು ಹಾಕುವ ಗಂಡ ಇಡೀ ಮೈಸೂರು ರಾಜ್ಯದಲ್ಲಿ ನನ್ನೊಬ್ಬಳಿಗೇ ಸಿಕ್ಕಿರಬೇಕು. ಬಾಳಿನಲ್ಲಿ ಮೇಲೆ ಬರುವುದು ಹೇಗೆ ಎಂದು ಎಷ್ಟು ಚೆನ್ನಾಗಿ ಉಪದೇಶ ಮಾಡಿದ್ದೀರಿ! ಖಾಯಂ ಹುದ್ದೆ ಬೇಕು, ವರ್ಷಕ್ಕೊಮ್ಮೆ ಬಡ್ತಿಯ ಆಸೆ ಬೇಕು, ಸರಕಾರಿ ಕ್ವಾರ್ಟರ್ಸು ಬೇಕು, ಕ್ವಾರ್ಟರ್ಸಿನಲ್ಲಿ ಹೆಂಡತಿ ಬೇಕು. ಹೆಂಡತಿಯ ನಂಬರು ಕ್ವಾರ್ಟರ್ಸಿನ ನಂತರ ಬಂದದ್ದಕ್ಕೆ ನಾನು ಆಕ್ಷೇಪ ಎತ್ತುವುದಿಲ್ಲ, ಸೀನಿಯಾರಿಟಿ ಎಂದರೆ ಸೀನಿಯಾರಿಟಿ. ಮಹಾನವಮಿಯೊಳಗೆ ಅಂಗಡಿ ಮುಚ್ಚಿ, ಖೋಲಿಯ ಕೀಲಿಯನ್ನು ರಾಚವ್ವ ಚಿಗವ್ವನ ಕೈಗೆ ಕೊಟ್ಟು, ಗಾಡಿ ಹತ್ತಬೇಕು. ಹತ್ತದಿದ್ದರೆ ನೀವೇ ರಜೆ ಹಾಕಿ ಬಂದು ಅಂಗಡಿಗೆ ಬೀಗ ಜಡಿಯುತ್ತೀರಿ. ಪ್ರತಿ ಪ್ಯಾರಾದ ಕೊನೆಗೂ ಒಂದೇ ಸಾಲು: "ಅವ್ವ ಏನಂದಾಳು, ವಿಚಾರ ಮಾಡು."

ವಿಚಾರ ಮಾಡಿದೆ. ಅಂಗಡಿ ಮುಚ್ಚುವುದಿಲ್ಲ. ಬೆಂಗಳೂರಿಗೆ ನಿಮ್ಮನ್ನು ನೋಡಲು ಬರುತ್ತೇನೆ, ಇರಲು ಬರುವುದಿಲ್ಲ. ಇಷ್ಟನ್ನೇ ಬರೆದು ಲಕೋಟೆ ಅಂಟಿಸಬಹುದಿತ್ತು. ಆದರೆ ನಮ್ಮಪ್ಪ ನನ್ನನ್ನು ಧಾರವಾಡದಲ್ಲಿ ಬಿ.ಎ. ಮಾಡಿಸಿದ್ದಾನೆ, ಕಾರಣ ಕೊಡದೆ ಉತ್ತರ ಬರೆದರೆ ಮಾರ್ಕ್ಸು ಸಿಗುವುದಿಲ್ಲವೆಂಬ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಈ ಉದ್ದನೆಯ ಉತ್ತರ. ಚಹಾ ತರಿಸಿಕೊಂಡು ಓದಿ.

ಹೋದ ವರ್ಷ ನವೆಂಬರಿನಲ್ಲಿ ರಾಜ್ಯಗಳು ಬೇರೆಯಾದವು. ಮಗಳನ್ನು ಕಳಿಸುವಾಗ ಪಾತ್ರೆಪಡಗ ಕಟ್ಟಿ ಕೊಡುವ ಹಾಗೆ ಧಾರವಾಡ, ಬೆಳಗಾವಿ, ವಿಜಾಪುರದ ಜೊತೆ ಸಚಿವಾಲಯದ ಕನ್ನಡ ಗುಮಾಸ್ತರನ್ನೂ ಕಟ್ಟಿ ಮೈಸೂರಿಗೆ ಕೊಟ್ಟರು. ಆ ಪಾತ್ರೆಗಳಲ್ಲಿ ನೀವೂ ಒಬ್ಬರು. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ರೈಲಿನ ಕಿಟಕಿಯಿಂದ ಹೇಳಿದಿರಿ. ನಿಮಗೆ ವರ್ಗವಾಯಿತು, ನನಗೆ ಸ್ವರ್ಗವಾಗಲಿಲ್ಲ. ಬೆಂಗಳೂರಿನಲ್ಲಿ ಮನೆ ಸಿಗಲಿಲ್ಲ, ಇಲ್ಲಿ ನನಗೆ ಹೊತ್ತು ಹೋಗಲಿಲ್ಲ. ಒಂದು ಮಧ್ಯಾಹ್ನ ಟ್ರಂಕು ಎಳೆದು, ಒಳಗಿದ್ದ ಖಣಗಳನ್ನೆಲ್ಲ ಚಾಳಿನ ಪಡಸಾಲೆಯ ಕಟಾಂಜನದ ಮೇಲೆ ಬಿಸಿಲಿಗೆ ಹರವಿದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗುಳೇದಗುಡ್ಡದ ಸಂತೆ ನೆರೆದ ಹಾಗಾಯಿತು. ಕೆಳಗೆ ಹೋಗುವವರು ಇಲ್ಲಿ ಮದುವೆ ಯಾರದು ಎಂದು ಕೇಳಿದರು.

ಈ ಖಣಗಳ ಕಥೆ ನಿಮಗೆ ಗೊತ್ತಿದ್ದರೂ ಗಂಡಸರಿಗೆ ಗೊತ್ತಿರುವಷ್ಟೇ ಗೊತ್ತು. ನಮ್ಮ ಕಡೆಯ ಮುತ್ತೈದೆ ಯಾರ ಮನೆಗೆ ಕಾಲಿಟ್ಟರೂ ಹಣೆಗೆ ಕುಂಕುಮ, ಉಡಿಯಲ್ಲಿ ಅಕ್ಕಿ, ಕಾಯಿ ಮತ್ತು ಒಂದು ಕುಬಸಕ್ಕಾಗುವ ಖಣದ ತುಂಡು ಹಾಕಿಸಿಕೊಳ್ಳದೆ ಹೊರಗೆ ಬರುವ ಹಾಗಿಲ್ಲ. ಅಕ್ಕಿ ಅನ್ನವಾಗುತ್ತದೆ, ಕಾಯಿ ಚಟ್ನಿಯಾಗುತ್ತದೆ. ಖಣ ಮಾತ್ರ ಟ್ರಂಕಿಗೆ ಹೋಗಿ, ಮುಂದಿನ ಮುತ್ತೈದೆಯ ಉಡಿಗೆ ಬೀಳುವವರೆಗೆ ಅಲ್ಲೇ ತಪಸ್ಸು ಮಾಡುತ್ತದೆ. ನಾನು ಮಾಟುಂಗಾದಲ್ಲಿ ಕೊಟ್ಟ ಮೆಂತ್ಯದ ಬಣ್ಣದ ಖಣ, ಮೂಲೆಯಲ್ಲಿ ನನ್ನದೇ ಪೆನ್ನಿನ ಮಸಿಯ ಚುಕ್ಕೆಯೊಂದಿಗೆ, ಪರೇಲಿನ ಒಂದು ತೊಟ್ಟಿಲ ಶಾಸ್ತ್ರದಲ್ಲಿ ತಿರುಗಿ ನನ್ನ ಉಡಿಗೇ ಬಂತು. ಅಂಚೆಯವರೂ ಇಷ್ಟು ನಂಬಿಗಸ್ತರಲ್ಲ. ಮದುವೆಯಾದಾಗಿನಿಂದ ಮುಂಬಯಿಯಲ್ಲಿರುವ ನಮ್ಮವರೆಲ್ಲ ನನ್ನ ಉಡಿ ತುಂಬಿದ್ದಾರೆ. ತುಂಬಿದ್ದು ಮಾತ್ರ ಟ್ರಂಕು. ಇದನ್ನು ನಗುತ್ತಲೇ ಬರೆಯುತ್ತಿದ್ದೇನೆ, ನೀವೂ ನಗುತ್ತಲೇ ಓದಿ.

ಖಣಗಳು ಟ್ರಂಕಿನಲ್ಲೇ ಯಾಕೆ ಉಳಿಯುತ್ತವೆ? ಇಲ್ಲಿಯ ದರ್ಜಿಗಳು ಗಂಡಸರು. ಗಂಡಸಿನ ಕೈಯಲ್ಲಿ ಅಳತೆ ಕೊಡಲು ನಾಚಿಕೆ. ಹಾಗಾಗಿ ಹಳೆಯ ಕುಬಸವೊಂದನ್ನು ಮಾದರಿಗೆಂದು ಕಳಿಸುತ್ತೇವೆ. ಆ ಹಳೆಯದನ್ನೂ ಅದಕ್ಕಿಂತ ಹಳೆಯದರ ಮಾದರಿ ನೋಡಿ ಹೊಲಿದಿರುತ್ತಾರೆ. ಎಂದೋ ಸತ್ತುಹೋದ ದರ್ಜಿಯ ತಪ್ಪು ಹೀಗೆ ವಂಶಪಾರಂಪರ್ಯವಾಗಿ ನಮ್ಮ ಬೆನ್ನು ಹತ್ತಿದೆ. ಅದರ ಮೇಲೆ, ಗಿರಣಿಯ ಅಗಲ ಬಟ್ಟೆ ಕತ್ತರಿಸಿ ರೂಢಿಯಾದವನಿಗೆ ಈ ಕಿರಿದಾದ ಖಣವನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ತೋಳಿನ ಅಂಚಿಗೆ ಬರಬೇಕಾದ ಚಂದದ ದಡಿ ಬಗಲಿಗೆ ಹೋಗಿ ಅಡಗುತ್ತದೆ. ನಾನು ಧಾರವಾಡದಲ್ಲಿ ಮಹಿಳಾ ಮಂಡಳದವರ ಹತ್ತಿರ ಕತ್ತರಿಸುವುದನ್ನು ಕಲಿತವಳು, ತವರಿನಿಂದ ಬಂದ ಹೊಲಿಗೆ ಯಂತ್ರ ಕಿಟಕಿಯ ಕೆಳಗೆ ಧೂಳು ತಿನ್ನುತ್ತಿತ್ತು. ನನಗೊಂದು ಕುಬಸ ಹೊಲಿದುಕೊಂಡು, ದಡಿ ಎರಡೂ ತೋಳಿನ ಮೇಲೆ ಎದ್ದು ಕಾಣುವ ಹಾಗೆ ಹಾಕಿಕೊಂಡು, ನಳದ ಹತ್ತಿರ ನೀರಿಗೆ ಹೋದೆ. ಕೊಡ ತುಂಬುವುದರೊಳಗೆ ಗಿರಾಕಿಗಳು ತುಂಬಿದರು. ಸರಕಾರದವರದು ಪಂಚವಾರ್ಷಿಕ ಯೋಜನೆ. ನನ್ನದು ಪಂಚೆ ಉಟ್ಟವರು ಒಬ್ಬರೂ ಇಲ್ಲದ ಯೋಜನೆ.

ತಪ್ಪು ಮೊದಲ ದಿನವೇ ಆಯಿತು. ಲೋಕದ ಬೇರೆ ಯಾವ ವ್ಯಾಪಾರಸ್ಥನೂ ಮಾಡಲಾರದ ತಪ್ಪು, ನಮ್ಮ ಕಡೆಯ ಹೆಂಗಸೇ ಮಾಡಬೇಕು ಅಂಥದು. ಅಳತೆ ಕೊಟ್ಟ ಹೆಂಗಸು ಎದ್ದು ಹೊರಟಳು. ಎದುರು ಖೋಲಿಯಿಂದ ನಿಮ್ಮ ರಾಚವ್ವ ಚಿಗವ್ವ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದು ನಿಂತರು. "ಬಂದ ಮುತ್ತೈದಿನ್ನ ಬರೇ ಉಡೀಲೆ ಕಳಸ್ತಾರೇನ, ಓದಿದಾಕಿ?" ನಾನು ಟ್ರಂಕು ತೆಗೆದು ಖಣ ಕೊಟ್ಟೆ. ಕೊಟ್ಟ ಖಣವನ್ನು ಆಕೆ ಮುಂದಿನ ವಾರ ಹೊಲಿಯಲು ತಂದಳು. ಹೊಲಿಸಿಕೊಂಡು ಹೋಗುವಾಗ ಇನ್ನೊಂದು ಖಣ ಒಯ್ದಳು. ಟ್ರಂಕು ಬರಿದಾದ ಮೇಲೆ ಗುಳೇದಗುಡ್ಡದಿಂದ ತರಿಸಿ ಕೊಟ್ಟೆ. ಹೊಲಿಗೆಯ ಕೂಲಿಗಿಂತ ಖಣದ ಬೆಲೆ ಹೆಚ್ಚು, ಹೀಗಾಗಿ ಗಿರಾಕಿ ಹೆಚ್ಚಿದಷ್ಟೂ ನನಗೆ ಲುಕ್ಸಾನು. ತನ್ನಷ್ಟಕ್ಕೆ ತಾನೇ ಸದಾಕಾಲ ತಿರುಗುವ ಯಂತ್ರ ಅಸಾಧ್ಯವೆಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆ ಮಾಸ್ತರರು ನಮ್ಮ ಖೋಲಿಗೆ ಬಂದು ನೋಡಬೇಕಿತ್ತು. ಯುಗಾದಿಗೆ ಬಂದಾಗ ನೀವು ಲೆಕ್ಕ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಇದ ಅಂಗಡಿ ಅಲ್ಲ, ಬಸುರಿ ಇಲ್ಲದ ಕುಬಸದ ಕಾರ್ಯ" ಎಂದಿರಿ. ನನಗೂ ನಗು ಬಂತು. ನೀವು ಅಷ್ಟು ಚಂದ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು. ಲುಕ್ಸಾನು ಮರೆತೇ ಹೋಯಿತು.

ನೀವು ತಿರುಗಿ ಹೋದ ಮೇಲೆ ನಾಗವ್ವ ಬಂದಳು. ನೀವು ಅವಳನ್ನು ನೋಡಿಲ್ಲ, ಆದರೆ ನಿಮ್ಮ ಸರಕ್ಯುಲರಿನಲ್ಲಿ "ಆ ವಿಧವೆ" ಎಂದು ಬರೆದಿದ್ದೀರಲ್ಲ, ಅವಳೇ. ಗೋಕಾಕದ ಕಡೆಯವಳು, ಗಂಡ ಹೋದ ಮೇಲೆ ಇಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಾಳೆ. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಒಂದು ಹಳೆಯ ಖಣವನ್ನು ಕಾಗದದಲ್ಲಿ ಸುತ್ತಿ ತಂದು, ಹೊಸ್ತಿಲ ಹೊರಗೇ ನಿಂತು, ಒಳಗೆ ಬರಲೇ ಎಂದು ಕೇಳಿದಳು. ಒಳಗೆ ಇನ್ನಿಬ್ಬರು ಹೆಂಗಸರಿದ್ದರು. ಎಲ್ಲರ ಅಳತೆಯೂ ಆಯಿತು. ಚಿಗವ್ವ ಬಟ್ಟಲು ತಂದರು. ಆ ಇಬ್ಬರಿಗೂ ಕುಂಕುಮವಾಯಿತು, ಖಣವಾಯಿತು. ಬಟ್ಟಲು ನಾಗವ್ವನ ಹತ್ತಿರ ಬರುವುದರೊಳಗೆ ಅವಳು ತಾನೇ ಮುಖ ತಿರುಗಿಸಿ, ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದಳು. ಚಿಗವ್ವನಿಗೆ ಮುಜುಗರ ಆಗಬಾರದು, ಅದಕ್ಕೆ. ರೂಢಿಯಾದ ಕೆಲಸ ಎಷ್ಟು ಚೊಕ್ಕಟವಾಗಿ ಆಗುತ್ತದೆ ನೋಡಿ.

ನನಗೆ ತಡೆಯಲಿಲ್ಲ. ಖಣ ಹಿಡಿದು ಮೆಟ್ಟಿಲ ತನಕ ಓಡಿದೆ. ಅವಳು ಸೆರಗು ಚಾಚಲಿಲ್ಲ. "ಬ್ಯಾಡ್ರಿ ಅಕ್ಕಾರ. ನೀವ ಕೊಡ್ತೀರಿ, ನಾಳಿಂದ ನಿಮ್ಮ ಮನಿಗಿ ಯಾರೂ ಬರೂದಿಲ್ಲ. ನನಗ ಕುಬಸ ಚಂದಾಗಿ ಹೊಲದ ಕೊಡ್ರಿ, ರೊಕ್ಕಾ ತಗೋರಿ, ಮುಗೀತು." ನಾನು ಕೇಳದೆ ಅವಳ ಉಡಿಗೆ ಹಾಕಿಯೇ ಬಿಟ್ಟೆ, ಇಡೀ ಚಾಳು ನೋಡುವ ಹಾಗೆ. ಮರುದಿನದಿಂದ ಯಾರೂ ಬರಲಿಲ್ಲ. ಬರಲಿಲ್ಲ ಎನ್ನುವುದೂ ತಪ್ಪು. ಹೊಲಿಯಲು ಕೊಟ್ಟ ಬಟ್ಟೆ ತಿರುಗಿ ಒಯ್ಯಲು ಬಂದರು, ಒಬ್ಬಾಕೆ ಅರ್ಧ ಕತ್ತರಿಸಿದ್ದನ್ನೇ ಒಯ್ದಳು. ಚಿಗವ್ವ ನನ್ನ ಜೊತೆ ಮಾತು ಬಿಟ್ಟರು. ಬಿಟ್ಟ ಮಾತನ್ನೆಲ್ಲ ಯಾರ ಕೈಯಿಂದಲೋ ಬರೆಸಿ ನೇಸರಗಿಗೆ, ಊರಿನಲ್ಲಿರುವ ನಿಮ್ಮ ಅವ್ವನಿಗೆ ಕಳಿಸಿದರು. ಒಂದು ಪ್ರತಿ ಮಾಹಿತಿಗಾಗಿ ನಿಮಗೂ ಬಂದಿರಬೇಕು.

ಆ ದಿನಗಳಲ್ಲಿ ನಾನು ಅಳಲಿಲ್ಲ ಎಂದರೆ ನೀವು ನಂಬಬೇಡಿ. ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಅತ್ತೆ. ಯಂತ್ರಕ್ಕೆ ಎಣ್ಣೆ ಬಿಡುವುದು, ಬಾಗಿಲು ನೋಡುವುದು, ಇದೇ ಕೆಲಸ. ನಿಮಗೆ ಪತ್ರ ಬರೆದು ಬರುತ್ತೇನೆ ಎನ್ನಬೇಕೆಂದು ಒಂದು ಸಲ ಪೆನ್ನು ತೆಗೆದೂ ಇದ್ದೆ. ಆಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ಸಿಟ್ಟಿಗೆ ವಿಳಾಸ ಬೇಕಿಲ್ಲ. ಸಿಟ್ಟಿನಲ್ಲೇ ಒಂದು ಮಾತು ಹೊಳೆಯಿತು. ಮನೆಯಲ್ಲಿ ಹೊಲಿಯುವವರೆಗೆ ಮನೆಯ ಕಾಯಿದೆ. ಮನೆಗೆ ಬಂದವರಲ್ಲಿ ಮುತ್ತೈದೆ ಯಾರು, ಅಲ್ಲದವರು ಯಾರು ಎಂದು ನೋಡಲೇಬೇಕು, ಚಿಗವ್ವ ಇರುವಾಗ ನೋಡದೆ ಇರುವ ಹಾಗಿಲ್ಲ. ಅಂಗಡಿಗೆ ಬಂದವರಲ್ಲಿ ಅಳತೆ ಒಂದೇ ನೋಡಬೇಕು. ನಾಗವ್ವನಿಗೂ ಖಣ ಕೊಡುವುದು ಉಪಾಯವಲ್ಲ, ಯಾರಿಗೂ ಕೊಡದಿರುವುದೇ ಉಪಾಯ. ಈ ಹೊಸ್ತಿಲ ಜೊತೆ ಜಗಳಾಡುತ್ತ ಕೂಡುವುದಕ್ಕಿಂತ ಬೇರೆ ಹೊಸ್ತಿಲು ಹುಡುಕುವುದು ಸುಲಭ.

ಹುಡುಕಿದೆ. ಸ್ಟೇಶನ್ನಿಗೆ ಹೋಗುವ ಗಲ್ಲಿಯಲ್ಲಿ ಛತ್ರಿ ರಿಪೇರಿಯವನು ಬಿಟ್ಟುಹೋದ ಗಾಳಾ, ಅಂದರೆ ಅಂಗಡಿಯ ಖೋಲಿ, ಒಂದಿತ್ತು. ಎರಡು ಯಂತ್ರ ಇಟ್ಟರೆ ಮೂರನೆಯವರು ಉಸಿರು ಬಿಗಿಹಿಡಿದು ಒಳಗೆ ಬರಬೇಕು, ಅಷ್ಟು ಚಿಕ್ಕದು. ಬೋರ್ಡಿಗೆ 'ಮಾಡರ್ನ್ ಲೇಡೀಸ್ ಟೇಲರ್ಸ್' ಎಂದು ಇಂಗ್ಲಿಷಿನಲ್ಲಿ ಬರೆಸು ಎಂದು ನೀವು ಸಲಹೆ ಕೊಟ್ಟಿದ್ದಿರಿ, ಮುಚ್ಚು ಎನ್ನುವ ಸಲಹೆಗಿಂತ ಮೊದಲು. ನಾನು ಕನ್ನಡದಲ್ಲಿ ಬರೆಸಿದೆ, ಕೆಳಗೆ ಮರಾಠಿಯಲ್ಲಿ: "ಇಲ್ಲಿ ಖಣದ ಕುಬಸ ಹೊಲಿದು ಕೊಡಲಾಗುವುದು. ಕುಂಕುಮ ಹಚ್ಚುವುದಿಲ್ಲ. ಖಣ ಕೊಡುವುದಿಲ್ಲ. ಕುಡಿಯಲು ನೀರು ಇದೆ." ಲೋಕಲ್ ಹಿಡಿಯಲು ಓಡುವವರು ನಿಂತು ಓದಿ, ನಕ್ಕು, ಗಾಡಿ ತಪ್ಪಿಸಿಕೊಂಡರು. ಬೋರ್ಡಿಗೆ ಇದಕ್ಕಿಂತ ಹೆಚ್ಚಿನ ಬಡ್ತಿ ಏನು ಬೇಕು?

ಅಂಗಡಿಗೆ ಲೈಸೆನ್ಸು ಬೇಕೆಂದು ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರು ಬಂದರು. ವಯಸ್ಸಾದವರು, ಕೊಲ್ಹಾಪುರದ ಕಡೆಯ ಮರಾಠಿ. ನನ್ನ ಹೆಸರು ಬರೆದುಕೊಂಡು ಯಜಮಾನರ ಹೆಸರು ಕೇಳಿದರು. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಎಷ್ಟು ಸಲ ಬರೆದಿದ್ದೇನೋ, ಬಾಯಿಂದ ಹೇಳಿಲ್ಲ. ಬಿ.ಎ. ಆದವಳು, ಹೇಳಿಬಿಡೋಣ ಎಂದು ಬಾಯಿ ತೆರೆದೆ. ಒಳಗೆ ಬರಲೋ ಬೇಡವೋ ಎಂದು ಮೀನ ಮೇಷ ಎಣಿಸುತ್ತ ಗಲ್ಲಿಯ ಆಚೆ ನಿಂತು ಎಲ್ಲ ನೋಡುತ್ತಿದ್ದ ಚಿಗವ್ವ, ಮಾತು ಬಿಟ್ಟದ್ದನ್ನೂ ಮರೆತು ಅಲ್ಲಿಂದಲೇ ಕೂಗಿದರು: "ಹಂಗ ಹೇಳಬ್ಯಾಡ, ಒಡಪ ಹಾಕಿ ಹೇಳ!" ಗಂಡನ ಹೆಸರನ್ನು ಹಾಡಿನೊಳಗೆ ಕಟ್ಟಿ ಹೇಳುವುದು ಮರಾಠಿಯವರಲ್ಲೂ ಉಂಟಷ್ಟೆ. ಇನ್ಸ್‌ಪೆಕ್ಟರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಪೆನ್ನು ಕೆಳಗಿಟ್ಟು, ಕೈಕಟ್ಟಿ ಕೂತರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೇಳಿದೆ:

ಸೂಜಿಯ ಕಣ್ಣಿಗಿ ದಾರ ಚಂದ, ದಾರದ ತುದಿಗಿ ಗಂಟ ಚಂದ,
ಮುರಿಗೆಪ್ಪನವರು ಬೆಂಗಳೂರಾಗ ಚಂದ, ನನ್ನ ಅಂಗಡಿ ಸಯನ್ನಿನಾಗ ಚಂದ.

ಚಿಗವ್ವನ ಮುಖ ನೋಡಬೇಕಿತ್ತು. "ಪ್ರಾಸ ಬಂತು, ಬುದ್ಧಿ ಬರಲಿಲ್ಲ" ಎಂದರು. ಅದು ನನ್ನ ಜೊತೆ ಮತ್ತೆ ಆಡಿದ ಮೊದಲ ಮಾತಾದ್ದರಿಂದ ನಾನು ಪ್ರಸಾದವೆಂದು ತೆಗೆದುಕೊಂಡೆ. ಇನ್ಸ್‌ಪೆಕ್ಟರು ನಗುತ್ತ ನಿಮ್ಮ ಹೆಸರು ಬರೆದು, ಹಾಗಾದರೆ ಮಾಲಕರು ಇವರೇ ತಾನೇ ಎಂದು ಕೇಳಿದರು. ಅಲ್ಲ, ಅವರು ನನಗೆ ಮಾತ್ರ ಮಾಲಕರು, ಅಂಗಡಿಗೆ ನಾನು ಎಂದೆ. ಆ ಸಾಲು ಹೊಡೆದು ತಿದ್ದಿ ಬರೆದರು. ತಿದ್ದಿದ ಗುರುತು ಈಗಲೂ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಕಾಣುತ್ತದೆ.

ಗಿರಾಕಿಗಳನ್ನು ನಾಗವ್ವ ಕರೆತಂದಳು. ಅವಳ ಜೊತೆಯ ಆಯಾಗಳು, ಆಮೇಲೆ ನರ್ಸುಗಳು. ಅವರಲ್ಲಿ ವಿಧವೆಯರಿದ್ದರು, ಮದುವೆಯೇ ಆಗದವರಿದ್ದರು, ಗಂಡ ಬಿಟ್ಟವರಿದ್ದರು, ಗಂಡನನ್ನು ಬಿಟ್ಟವರೂ ಇದ್ದರು. ಕ್ರೈಸ್ತರು ಬಂದರು, ಒಬ್ಬ ಮುಸಲ್ಮಾನ ಸೂಲಗಿತ್ತಿ ಬಂದಳು. ಯಾವ ಮನೆಯ ಕುಂಕುಮದ ಬಟ್ಟಲೂ ಎದುರು ನೋಡದ ಹೆಂಗಸರು. ತಾವೇ ದುಡಿದ ಸಂಬಳ, ತಾವೇ ಬಿಚ್ಚುವ ಚೀಲ, ಯಾರನ್ನೂ ಕೇಳಿ ಬರಬೇಕಿಲ್ಲ. ಈ ಊರಿನಲ್ಲಿ ಇಂಥವರು ಇಷ್ಟು ಮಂದಿ ಇದ್ದಾರೆಂದು ನನಗೆ ಯಾವ ಜನಗಣತಿಯೂ ಹೇಳಿರಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಲ್ಲಿಸಿದವರಿಗೆ ನಾನೊಂದು ಕುರ್ಚಿ ಹಾಕಿದೆ, ಅಷ್ಟೇ ನನ್ನ ವ್ಯಾಪಾರದ ಗುಟ್ಟು. ಅವರು ದಡಿ ಮಿಂಚಿಸುತ್ತ ಸಯನ್, ಮಾಟುಂಗಾ ತಿರುಗಾಡಿದ ಮೇಲೆ ನಮ್ಮ ಚಾಳಿನ ಮುತ್ತೈದೆಯರಿಗೂ ತಾಳ್ಮೆ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಬಂದರು. ಅರ್ಧ ಕತ್ತರಿಸಿದ್ದನ್ನು ಒಯ್ದಾಕೆಯೂ ಬಂದಳು, ಉಳಿದರ್ಧವನ್ನೂ ಹೊಲಿಸಿಕೊಂಡು ಹೋದಳು. ಶಾಸ್ತ್ರ ದೊಡ್ಡದೇ, ಆದರೆ ತೋಳಿನ ಫಿಟ್ಟಿಂಗು ಅದಕ್ಕಿಂತ ತುಸು ದೊಡ್ಡದು.

ಚಿಗವ್ವ ಸೋಲಲಿಲ್ಲ, ಅವರು ಸೋಲುವವರಲ್ಲ. ಈಗ ಅಂಗಡಿಯ ಎದುರು ಮಣೆ ಹಾಕಿಕೊಂಡು ಕೂತು, ಹೊರಗೆ ಬಂದ ಮುತ್ತೈದೆಯರಿಗೆ ತಾವೇ ಕುಂಕುಮ ಹಚ್ಚುತ್ತಾರೆ. ಅದು ಫುಟ್‌ಪಾತು, ಮುನಿಸಿಪಾಲಿಟಿಯದು, ಅಲ್ಲಿ ನನ್ನ ಕಾಯಿದೆ ನಡೆಯುವುದಿಲ್ಲ. ಮಧ್ಯಾಹ್ನ ಬಿಸಿಲೇರಿದರೆ ಒಳಗಿನಿಂದ ನಾಗವ್ವ ನೀರು ಒಯ್ದು ಕೊಡುತ್ತಾಳೆ, ರಜೆಯ ದಿನ ಅವಳು ಗುಂಡಿ ಹಚ್ಚಲು ಬರುತ್ತಾಳೆ. ಮೊದಮೊದಲು ಚಿಗವ್ವ ನೀರನ್ನು ಕೆಳಗಿಡಿಸಿ ಕುಡಿಯುತ್ತಿದ್ದರು. ಈಗ ಕೈಯಿಂದಲೇ ತೆಗೆದುಕೊಳ್ಳುತ್ತಾರೆ, ಮುಖ ಮಾತ್ರ ಬೇರೆ ಕಡೆ ಇರುತ್ತದೆ.

ಇನ್ನು ನಿಮ್ಮ ಉಳಿದ ಸಲಹೆಗಳು. ನಿಮ್ಮ ಗೆಳೆಯ ಶೆಟ್ಟೆಪ್ಪನವರನ್ನು ಪಾಲುದಾರರನ್ನಾಗಿ ಮಾಡಿಕೊಂಡರೆ ಗಂಡಸಿನ ನೆರಳು ಇರುತ್ತದೆ ಎಂದಿದ್ದಿರಿ. ನೆರಳಿಗೆ ಛತ್ರಿಯವನು ಬಿಟ್ಟುಹೋದ ಹಳೆಯ ಛತ್ರಿ ಇದೆ. ಖಾಯಂ ಎಂದರೆ ಏನೆಂದು ಕೇಳಿದ್ದೀರಿ, ಅಂಗಡಿ ನಾಳೆ ಇರುತ್ತದೆಂದು ಯಾರು ಹೇಳಿದರು ಎಂದು. ಯಾರೂ ಹೇಳಿಲ್ಲ. ಆದರೆ ಯೋಚಿಸಿ ನೋಡಿ, ನಮ್ಮಿಬ್ಬರಲ್ಲಿ ಖಾಯಂ ಹುದ್ದೆಯವರು ನೀವು. ಒಂದು ಮುಂಜಾನೆ ಯಾರೋ ನಕಾಶೆಯ ಮೇಲೆ ಗೆರೆ ಎಳೆದರು, ನೀವು ಹಾಸಿಗೆ ಸುತ್ತಿಕೊಂಡು ಹೊರಟಿರಿ. ನನ್ನ ಅಂಗಡಿಯನ್ನು ಯಾವ ರಾಜ್ಯಕ್ಕೆ ಕೊಡುವುದೆಂದು ಯಾರೂ ಕೇಳಲಿಲ್ಲ. ವ್ಯಾಪಾರ ಶುರುಮಾಡುವವರಿಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ. ಆದರೂ ನೀವು ಇಷ್ಟು ಬುದ್ಧಿ ಹೇಳಿದ್ದೀರಿ, ಆ ಸಾಲ ತೀರಿಸದೆ ಇಟ್ಟುಕೊಳ್ಳಬಾರದೆಂದು ನಾನೂ ಒಂದು ಹೇಳುತ್ತೇನೆ: ನಿಮ್ಮ ಕೆಲಸವನ್ನು ನೀವು ಕೆಲಸವೆಂದು ಹೇಳುವವರೆಗೆ ಊರವರು ಅದನ್ನು ಹೊತ್ತು ಕಳೆಯುವುದು ಎನ್ನುತ್ತಾರೆ. ಅದಕ್ಕೇ ನಾನು ಮೊದಲು ಮನೆಯಿಂದ ಹೊರಗೆ ಬಂದೆ, ಆಮೇಲೆ ಅಂಗಡಿಯ ಬಾಗಿಲು ತೆರೆದೆ. ಮತ್ತು ಸಲಹೆ ಕೊಡುವವರ ಮಾತನ್ನೆಲ್ಲ ಕೇಳಬೇಕು, ಕೇಳಿ, ಅವರಿಗೆ ಸರಿಯಾದ ಅಳತೆಯಲ್ಲಿ ಹೊಲಿದು ಅವರಿಗೇ ತಿರುಗಿ ಕೊಡಬೇಕು.

ನೌಕರಿ ಬಿಟ್ಟು ಬನ್ನಿ ಎಂದು ನಾನು ಕರೆಯುವುದಿಲ್ಲ. ನಿಮಗೆ ಫೈಲಿನ ಕೆಂಪು ಲಾಡಿ ಕಟ್ಟುವಾಗ ಬರುವ ಸಮಾಧಾನ ನಾನು ನೋಡಿದ್ದೇನೆ. ಅದು ನಿಮ್ಮ ಹೊಲಿಗೆ, ಅದನ್ನು ಬಿಚ್ಚುವ ಹಕ್ಕು ನನಗಿಲ್ಲ. ನನ್ನ ಹೊಲಿಗೆ ಬಿಚ್ಚುವ ಹಕ್ಕು ನಿಮಗೂ ಇಲ್ಲ. ಸಿಟ್ಟಾಗಬೇಡಿ. ಆದರೂ ಆದರೆ, ಆಗಿ, ನಂಬರು ಹಾಕಿ ಬರೆಯಿರಿ, ನಾನು ಎಲ್ಲಕ್ಕೂ ಉತ್ತರ ಕೊಡುತ್ತೇನೆ. ರಾತ್ರಿ ಊಟದ ಹೊತ್ತಿಗೆ ಎರಡು ತಾಟು ತೆಗೆಯುವ ಚಾಳಿ ನನಗೆ ಇನ್ನೂ ಹೋಗಿಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ, ಇದನ್ನು ನನ್ನ ವಿರುದ್ಧ ಉಪಯೋಗಿಸಬಾರದು. ಬೀಗ ಜಡಿಯಲು ಬರುತ್ತೇನೆ ಎಂದಿದ್ದೀರಿ. ಅಂಗಡಿಗೆ ಬೀಗ ಇದೆ. ಕೀಲಿ ನನ್ನ ಸೊಂಟದಲ್ಲಿದೆ.

ಮಫ್ಲರು ಸುತ್ತಿಕೊಳ್ಳಿ. ಮುದ್ದೆ ನುಂಗಿ, ಹಟ ಮಾತ್ರ ನನಗೆ ಬಿಡಿ. ಚಿಗವ್ವ ನಿಮಗೆ ಆಶೀರ್ವಾದ ಹೇಳಿದ್ದಾರೆ, ನನಗೆ ಹೇಳಬೇಕಾದ್ದನ್ನೂ ನಿಮಗೇ ಹೇಳಿದ್ದಾರೆ.

ನಿಮ್ಮವಳು, ಸಯನ್ನಿನವಳೂ ಆದ
ನೀಲಗಂಗಾ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯವಾದದ್ದೇ ಉಳಿಯಿತು. ಅವ್ವ ಏನಂದಾಳು ಎಂದು ಪ್ಯಾರಾಕ್ಕೊಮ್ಮೆ ಕೇಳಿದ್ದಿರಿ. ಹೋದ ವಾರ ನಿಮ್ಮ ಊರಿನ ದಾನಪ್ಪ ಹತ್ತಿಯ ವ್ಯಾಪಾರಕ್ಕೆಂದು ಇಲ್ಲಿಗೆ ಬಂದವನು, ಅವ್ವ ಕೊಟ್ಟದ್ದೆಂದು ಒಂದು ಗಂಟು ತಂದುಕೊಟ್ಟ. ನಾನು ಬೈಗುಳದ ಗಂಟೆಂದೇ ಬಿಚ್ಚಿದೆ. ಒಳಗೆ ಮಾದರಿಗೆ ಅವ್ವನ ಬಿಳಿಯ ಕುಬಸ, ಅದರೊಳಗೆ ಮಡಿಚಿದ ಹಸಿರು ಖಣ, ಕೆಂಪು ದಡಿಯದು. ಮಾವನವರು ತೀರುವ ಮೊದಲು ಗುಳೇದಗುಡ್ಡದಿಂದ ತಂದಿದ್ದರಂತೆ, ಕತ್ತರಿ ಬಿದ್ದೇ ಇರಲಿಲ್ಲ. ಹೊಲಿಗೆಯ ಕೂಲಿಯೂ ಒಂದು ಮೂಲೆಯಲ್ಲಿ ಗಂಟು ಹಾಕಿತ್ತು. ಅವ್ವ ಅಂದದ್ದನ್ನು ದಾನಪ್ಪ ಹೇಳಿದ ಹಾಗೆಯೇ ಬರೆಯುತ್ತೇನೆ: "ಅಲ್ಲಿ ಯಾರಿಗೂ ಕುಂಕುಮ ಹಚ್ಚೂದಿಲ್ಲಂತ. ಹಂಗಾದ್ರ ನಾನೂ ಹೋಗಬಹುದು. ದಡಿ ತೋಳಿನ ಮ್ಯಾಲ ಬರ್ಲಿ. ಟಪಾಲಿನ್ಯಾಗ ಹಾಕಬ್ಯಾಡ, ಮುರಿಗ್ಯಾ ಅಂಗಡಿಗಿ ಬಂದು ಒಯ್ಯಲಿ." ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಮಹಾನವಮಿಗೆ ಬರುವಾಗ ಬೀಗ ತರಬೇಡಿ, ಚೀಲ ತನ್ನಿ. ರವಿವಾರ ಅಂಗಡಿಗೆ ರಜೆ.